ಏಳು ಮನೆತನಗಳ ನಡುಗಡ್ಡೆ

ಮನೆಯಲ್ಲಿ ಮಕ್ಕಳ ಭೂಪಟವಿದ್ದರೆ ವಾಚಕರು ಅದನ್ನೊಮ್ಮೆ ಬಿಡಿಸಿ ನೋಡಬೇಕು. ಆಫ್ರಿಕ ಖಂಡದ ತೆಂಕಣ ತುದಿಯಲ್ಲಿರುವ ಕೇಪ್‌ಟೌನ್ ನಗರದಿಂದ ಪಡುವಲಾಗಿ, ದಕ್ಷಿಣ ಅಮೆರಿಕದ ಕಡೆಗೆ ಬೆರಳನ್ನು ಸರಿಸುತ್ತ ಹೋದರೆ, ನೀಲಿಯ ಬಣ್ಣವಲ್ಲದೆ ಬೇರೇನೂ ಇಲ್ಲದ ಸ್ಥಳದಲ್ಲಿ ಸಾಸಿವೆಯಷ್ಟು ದೊಡ್ಡದಾದ ಒಂದು ಚುಕ್ಕೆ ಕಾಣಬಹುದು; ಅನೇಕ ಭೂಪಟಗಳಲ್ಲಿ ಅದೂ ಇರುವುದಿಲ್ಲ. ಅದೇ ಟ್ರಿಸ್ಟನ್ ಡ ಕುನ್ಹಾ ಎಂಬ ದ್ವೀಪ. ಮನುಷ್ಯರು ವಾಸಿಸುವ ಸ್ಥಳಗಳಲ್ಲಿ ಇದಕ್ಕೆ ಅತ್ಯಂತ ಸಮೀಪವಾದುದು ಸೇಂಟ್ ಹೆಲೆನಾ ದ್ವೀಪ; ಆ ಸಾಮೀಪ್ಯವೂ ಸುಮಾರು 1500 ಮೈಲಿಗಳದು. ಕೇಪ್‌ಟೌನಿಗೆ 1700 ಮೈಲಿಗಳಿಗೂ ಮೇಲೆ. ಅಲ್ಲಿ ವಿಮಾನವಿಳಿಯಲು ನಿಲ್ದಾಣವಿಲ್ಲ. ವರ್ಷದಲ್ಲಿ ಕೆಲವೇ ಸಲ ಹೋಗುವ ಹಡಗನ್ನು ಹಿಡಿದು ಒಂದು ವಾರ ಕಾಲ ತೇಲುತ್ತ ಹೋಗಬೇಕು. ಹೋದರೂ ಕಡಲು ಒರಟಾಗಿದ್ದರೆ ದಡವನ್ನು ಕಣ್ಣಿನಿಂದ ನೋಡುತ್ತ ದಿನಗಟ್ಟಲೆ ಹಡಗಿನಲ್ಲಿಯೇ ಕಾದಿರಬೇಕು.

ಇಂತಹ ಸ್ಥಳದಲ್ಲಿ ಇನ್ನೂರಕ್ಕೆ ಮೇಲ್ಪಟ್ಟ ಜನರು ಒಂದೇ ಊರಿನಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ಅವರ ಪೂರ್ವಿಕರು ಅಲ್ಲಿ ನೆಲಸಿ ಇನ್ನೂರು ವರ್ಷಗಳ ಮೇಲಾಯಿತು. ಈ ಅವಧಿಯಲ್ಲಿ ಹೊರಗಿನವರು ಇವರನ್ನು “ಇಲ್ಲಿರುವುದು ಸಾಕು, ಬನ್ನಿ” ಎಂದು ಕರೆದುದು ಒಂದೆರಡು ಸಲವಲ್ಲ. ಕೊನೆಗೆ ಒಮ್ಮೆ ನೆಲವೇ ಬಾಯಿಬಿಟ್ಟು ಬೆಂಕಿಯನ್ನುಗುಳಿ ಇವರನ್ನು ಹೊರದೂಡಿತು. ಆದರೂ ಅವರು ಹಿಂದಿರುಗಿದರು. ಏಕೆ ಹಿಂದಿರುಗಿದರು ಎಂಬುದನ್ನು ತಿಳಿಯಬೇಕಾದರೆ, ಅವರು ಅಲ್ಲಿಗೆ ಬಂದುದು ಹೇಗೆ ಎಂಬುದರಿಂದ ಮೊದಲುಮಾಡಬೇಕು.

ದ್ವೀಪವೆಂದರೆ ಕಡಲಿನ ತಳದಿಂದ ಎದ್ದು ನಿಂತ ಒಂದು ಅಗ್ನಿಪರ್ವತ, ಅಷ್ಟೇ. ಸುತ್ತಲೂ ಏಳೆಂಟು ಮೈಲಿ ಅಡ್ಡಳತೆಯ, ಬಹುಮಟ್ಟಿಗೆ ದುಂಡಾದ ಆಕಾರ. ಕಡಲಿನ ಅಂಚಿನಿಂದಲೇ ಎರಡು ಸಾವಿರ ಅಡಿಗಳಷ್ಟು ಎತ್ತರದ ಕಡಿದಾದ ಬಂಡೆಗಳು ಕೋಟೆಯ ಗೋಡೆಯಂತೆ ಎದ್ದಿರುವುವು. ಅವುಗಳ ಮೇಲೆ ಇನ್ನೂ ಏರಿ ಏರಿ 6765 ಅಡಿ ಎತ್ತರದಲ್ಲಿ ಶಿಖರವಿದೆ. ಮಳೆಗಾಲದ ಮಂಜಿನಲ್ಲಿ ಆ ಶಿಖರವು ಕಾಣುವುದೇ ಅಪರೂಪ. ವಾಯವ್ಯದ ಕಡೆಯಲ್ಲಿ ಮಾತ್ರ ಬಂಡೆಯ ಬುಡಕ್ಕೂ ಕಡಲಿಗೂ ನಡುವೆ ಸಮವಾದ ಒಂದು ಪಟ್ಟಿ ನೆಲವುಂಟು. ಊರು, ಹುಲ್ಲುಗಾವಲು, ಹೊಲ ಎಲ್ಲವೂ ಆ ಪಟ್ಟಿಯ ಮೇಲೆಯೇ. ನೈಟಿಂಗೇಲ್ ಎಂಬ ಚಿಕ್ಕ ದ್ವೀಪವೂ, ‘ಇನ್ಯಾಕ್ಸೆಸಿಬಲ್’ ಎಂದರೆ ‘ಹತ್ತಲಸದಳ’ ಎಂಬ ಅನ್ವರ್ಥನಾಮದ ಇನ್ನೊಂದು ದ್ವೀಪವೂ ಕಣ್ಣಳತೆಯ ದೂರದಲ್ಲಿವೆ. ಅವುಗಳಲ್ಲಿ ಹಕ್ಕಿಗಳೇ ಒಡೆಯರು.

ಈ ದ್ವೀಪವು ಮೊದಲು ಕಣ್ಣಿಗೆ ಬಿದ್ದುದು ಇಂಡಿಯಾದೇಶಕ್ಕೆ ಹೊರಟವರಿಗೆ. 1506ರಲ್ಲಿ ಪೋರ್ಚುಗೀಸರ ಒಂದು ನೌಕಾಸಮೂಹವು ಟ್ರಿಸ್ಟಾವೊ ಡ ಕುನ್ಹಾ ಎಂಬವನ ನಾಯಕತ್ವದಲ್ಲಿ ಪೂರ್ವದೇಶಗಳಿಗೆ ಬರುತ್ತಿತ್ತು. ನಾಲ್ಕು ವರ್ಷಗಳ ತರುವಾಯ ಗೋವೆಯನ್ನು ವಶಪಡಿಸಿಕೊಂಡ ಆಲ್ಬುಕರ್ಕನೂ ಅದೇ ಸಮೂಹದೊಡನೆ ಹೊರಟಿದ್ದನು. ದಾರಿಯಲ್ಲಿ ಈ ಬೆಟ್ಟವು ಕಂಡಿತು. ನಾಯಕನು ಇಳಿಯಲಾರದೆ ಹೋದನು. ತನ್ನ ಹೆಸರನ್ನು ಮಾತ್ರ ಇಟ್ಟು ಮುಂದೆ ಸಾಗಿದನು. ಕಾಲಿಡದ ನೆಲಕ್ಕೆ ಹೆಸರಿಟ್ಟು ಹೋದ ಆ ಮಹಾಶಯನ ಹೆಸರೇ ಐದು ಶತಮಾನಗಳಿಂದ ನಿಂತಿರುವುದು ವಿಚಿತ್ರವೇ ಸರಿ.

ಮುಂದೆ ಮುನ್ನೂರು ವರ್ಷ ಅಲ್ಲಿ ಯಾರೂ ನೆಲಸಲಿಲ್ಲ. 1811ರಲ್ಲಿ ಅಮೆರಿಕದ ಸೇಲಂ ಪಟ್ಟಣದ ಜೊನಾಥನ್ ಲ್ಯಾಂಬರ್ಟ್ ಎಂಬವನು ಇಬ್ಬರು ಸಂಗಡಿಗರೊಡನೆ ಬಂದಿಳಿದು, ಈ ದ್ವೀಪಗಳೆಲ್ಲ ತನ್ನವೆಂದು ಘೋಷಿಸಿ, ಇವುಗಳಿಗೆ ‘ವಿಶ್ರಾಂತಿಯ ದ್ವೀಪಗಳು’ ಎಂಬರ್ಥದ ಹೆಸರನ್ನಿಟ್ಟನು. ಹಾದುಹೋಗುವ ಹಡಗುಗಳಿಗೆ ತರಕಾರಿ, ಮಾಂಸ, ನೀರುಗಳನ್ನು ಮಾರಿ ಬದುಕಬೇಕೆಂಬುದು ಅವನ ಯೋಚನೆ. ಮರುವರ್ಷವೇ ಅವನು ಕಡಲಿನಲ್ಲಿ ಮುಳುಗಿಹೋದನು. ಉಳಿದವನು ಥಾಮಸ್ ಕರಿ ಎಂಬ ಹೆಸರಿನಿಂದ ಕರೆಯಲ್ಪಟ್ಟ ಇಟಲಿಯವನೊಬ್ಬನೇ. ಇವನು ಎಲ್ಲಿಯೋ ಹಣವನ್ನು ಹೂತಿಟ್ಟಿದ್ದನೆಂದು ದ್ವೀಪದವರು ಹೇಳುತ್ತಾರೆ. ಹುಡುಕಿದವರು ಬಹಳ; ದೊರಕಿಸಿಕೊಂಡವರು ಇಲ್ಲ.

ದ್ವೀಪದ ನಿಜವಾದ ಚರಿತ್ರೆಯು ಆರಂಭವಾಗುವುದು ನೆಪೋಲಿಯನ್ನನಿಂದ. ಅವನೇನೂ ಇತ್ತ ಬರಲಿಲ್ಲ. ಅವನನ್ನು ಸೇಂಟ್ ಹೆಲೆನಾದಲ್ಲಿ ಸೆರೆಯಿಟ್ಟಿದ್ದ ಆಂಗ್ಲೇಯರಿಗೆ, ಅವನ ಪಕ್ಷದವರು ಟ್ರಿಸ್ಟನ್ ದ್ವೀಪದಲ್ಲಿ ಅಡಗಿದ್ದು ಅವನನ್ನು ಬಿಡಿಸಿಕೊಂಡು ಹೋದಾರೆಂಬ ಅಂಜಿಕೆ ಹುಟ್ಟಿತು. 1500 ಮೈಲಿ ಆಚೆಯಿದ್ದ ಬಂದಿಗಾಗಿ ಇಲ್ಲಿ ಕಾವಲು! 1816ರ ಆಗಸ್ಟ್ 14ರಂದು ದ್ವೀಪವನ್ನು ಬ್ರಿಟಿಷ್ ರಾಜ್ಯಕ್ಕೆ ಸೇರಿಸಿಕೊಂಡು, ಕೇಪಿನಿಂದ ದಂಡನ್ನು ಕರೆಸಿ ಇರಿಸಿದರು. ಒಂದು ವರ್ಷ ಕಳೆಯುವುದರೊಳಗಾಗಿ ಈ ಕಾವಲಿನ ನಿರರ್ಥಕತೆಯು ಸರಕಾರಕ್ಕೆ ಮನವರಿಕೆಯಾಯಿತು. ದಂಡನ್ನು ಹಿಂದಕ್ಕೆ ಕರೆದೊಯ್ಯಲು ಅಪ್ಪಣೆಯಾದಾಗ, ಫಿರಂಗಿದಳದ ಕಾರ್ಪೊರಲ್ ಆಗಿದ್ದ ವಿಲಿಯಂ ಗ್ಲಾಸ್ ಎಂಬ ಸ್ಕಾಟ್ಲೆಂಡಿನವನು, ತಾನು ಇಲ್ಲಿಯೇ ಉಳಿಯುವೆನೆಂದು ಅನುಮತಿ ಬೇಡಿದನು. ಅವನೊಡನೆ ಕೇಪ್ ಪ್ರಾಂತದವಳಾದ ಅವನ ಎಳೆಯ ಹೆಂಡತಿ ಮರಿಯಾ, ಇಬ್ಬರು ಮಕ್ಕಳು. ಪ್ಲಿಮತ್ ಕಡೆಯ ಬರ್ನೆಲ್, ನ್ಯಾನ್‌ಕಿವೆಲ್ ಎಂಬ ಇಬ್ಬರು ಕಲ್ಲುಕುಟಿಗರು. 1817ರ ನವೆಂಬರಿನಲ್ಲಿ ಹಡಗು ಹೊರಟುಹೋಯಿತು. ದಡದಲ್ಲಿ ನಿಂತವರು ಇವರು.

ಆಗ ಈ ಮೂವರು ಗಂಡಸರು ಮಾಡಿದ ಕೆಲಸವು ಗಮನಾರ್ಹವಾಗಿದೆ. ಅವರು ಒಂದು ಒಪ್ಪಂದದ ಪತ್ರವನ್ನು ಬರೆದು ರುಜು ಹಾಕಿದರು. ದನಕರುಗಳೂ ದಾಸ್ತಾನೂ ಎಲ್ಲರಿಗೂ ಸಮನಾಗಿ ಸೇರಿದ್ದು. ಬಂದ ಲಾಭವನ್ನು ಸಮನಾಗಿ ಹಂಚಿಕೊಳ್ಳತಕ್ಕದ್ದು. ಖರ್ಚು ಬಿದ್ದರೆ ಅದನ್ನೂ ಸಮನಾಗಿ ಹೊರತಕ್ಕದ್ದು. ಒಬ್ಬರಮೇಲೊಬ್ಬರು ಯಜಮಾನಿಕೆ ನಡೆಸತಕ್ಕದ್ದಲ್ಲ — ಇದೇ ಅದರ ತಾತ್ಪರ್ಯ. ದಂಡಿನಲ್ಲಿ ಮೇಲಧಿಕಾರಿಗಳ ಅಪ್ಪಣೆಗಳನ್ನು ಕೇಳಿ ಕೇಳಿ ಬೇಸತ್ತವನ ಬರಹವಿದು ಎನ್ನಿಸದಿರದು. ಅವಿಭಕ್ತ ಕುಟುಂಬದಲ್ಲಿ ಬಾಳಿದವರಿಗೆ ಇಂತಹ ಒಪ್ಪಂದವನ್ನು ಬರೆಯುವುದೆಷ್ಟು ಸುಲಭ, ನಡೆಸುವುದೆಷ್ಟು ಕಷ್ಟ ಎಂಬುದು ಗೊತ್ತಿದೆ. ಕಲ್ಲುಕುಟಿಗರಿಬ್ಬರೂ ಕೆಲವು ವರ್ಷಗಳಲ್ಲಿ ಬಿಟ್ಟುಹೋದರು. ಆದರೆ ಒಪ್ಪಂದದ ಮರ್ಮವು ಹೋಗಲಿಲ್ಲ. ಭೂಮಿಯು ಯಾರೊಬ್ಬರ ಸ್ವಂತವೂ ಅಲ್ಲವೆಂಬುದೂ, ದನಕುರಿಗಳನ್ನು ಯಾರೂ ಮಿತಿಮೀರಿ ಇಟ್ಟುಕೊಳ್ಳಬಾರದೆಂಬುದೂ ಅಲ್ಲಿ ಇಂದಿಗೂ ನಡೆದುಬಂದ ಪದ್ಧತಿ.

ಒಬ್ಬೊಬ್ಬರಾಗಿ ಬೇರೆಯವರು ಬಂದು ಸೇರಿದರು. ಹಡಗು ಒಡೆದು ಬಂದವರು ಕೆಲವರು, ಹಡಗಿನ ಚಾಕರಿ ಸಾಕೆಂದು ಉಳಿದವರು ಕೆಲವರು. ಥಾಮಸ್ ಸ್ವೇನ್ ಎಂಬ ನಾವಿಕನೂ, ಅಲೆಕ್ಸಾಂಡರ್ ಕಾಟನ್ ಎಂಬ ಇನ್ನೊಬ್ಬನೂ ಹೀಗೆ ನೆಲಸಿದರು. 1824ರಲ್ಲಿ ಅಗಸ್ಟಸ್ ಅರ್ಲ್ ಎಂಬ ಚಿತ್ರಕಾರನು ನಮ್ಮ ಕಲ್ಕತ್ತೆಗೆ ಬರುವ ಉದ್ದೇಶದಿಂದ ರಿಯೊ ನಗರದಿಂದ ಹೊರಟು, ನಡುವೆ ಈ ದ್ವೀಪದ ಚಿತ್ರ ಬರೆಯಬೇಕೆಂದು ತನ್ನ ನಾಯಿಯೊಡನೆ ದಡಕ್ಕಿಳಿದನು. ಅಷ್ಟರಲ್ಲಿ ಗಾಳಿಯೆದ್ದು ಹಡಗು ಹೊರಟೇಹೋಯಿತು! ಎಂಟು ತಿಂಗಳು ಅವನು ಅಲ್ಲಿಯೇ ಸಿಕ್ಕಿಬಿದ್ದನು. ಸುಮ್ಮನೆ ಕೂರಲಿಲ್ಲ: ಗ್ಲಾಸನ ಮಕ್ಕಳಿಗೆ ಅಕ್ಷರ ಕಲಿಸಿದನು, ಭಾನುವಾರಗಳಲ್ಲಿ ಪ್ರಾರ್ಥನೆ ಓದಿದನು, ಬಣ್ಣ ಕಾಗದಗಳಿರುವ ತನಕ ಚಿತ್ರ ಬರೆದನು. ಆ ಊರಿನ ಮೊದಲ ದಿನಗಳು ಹೇಗಿದ್ದುವೆಂಬುದು ನಮಗೆ ತಿಳಿದುಬರುವುದು ಬಹುಮಟ್ಟಿಗೆ ಅವನ ಚಿತ್ರಗಳಿಂದಲೂ ದಿನಚರಿಯಿಂದಲೂ.

ಆ ದಿನಗಳಲ್ಲಿ ಗ್ಲಾಸನ ಮನೆಯೊಂದೇ ಮನೆ, ಉಳಿದವರೆಲ್ಲ ಬ್ರಹ್ಮಚಾರಿಗಳು. ಐದು ಮಂದಿ ಬ್ರಹ್ಮಚಾರಿಗಳು ಕೂಡಿ, ಪರಿಚಿತನಾಗಿದ್ದ ಒಬ್ಬ ಹಡಗಿನ ಕಪ್ತಾನನಲ್ಲಿ ಒಂದು ಬಿನ್ನಹವನ್ನು ಮಾಡಿಕೊಂಡರು: ಸೇಂಟ್ ಹೆಲೆನಾದಿಂದ ತಮಗೆ ಹೆಂಡಂದಿರನ್ನು ತಂದುಕೊಡಬೇಕು! ಕಪ್ತಾನನು ಮಾತಿಗೆ ತಪ್ಪಲಿಲ್ಲ. 1827ರಲ್ಲಿ ಐದು ಮಂದಿ ಹೆಂಗಸರನ್ನು ಕರೆತಂದು ಇಳಿಸಿದನು. ದಡಕ್ಕೆ ಮೊದಲು ಕಾಲಿಡುವವಳನ್ನೇ ಮದುವೆಯಾಗುವೆನೆಂದು ಸ್ವೇನನು ಪಣತೊಟ್ಟಿದ್ದನಂತೆ. ಕಥೆಯನ್ನು ಹೇಳುವವರು ಇಲ್ಲಿ ನಗುತ್ತಾರೆ. ಆದರೆ ಆ ಹೆಂಗಸರ ಕಡೆಯಿಂದ ನೋಡಿದರೆ ನಗು ಬರುವುದಿಲ್ಲ. ಮುಖವನ್ನೇ ಕಾಣದ ಗಂಡಂದಿರು. ಹಿಂದಿರುಗುವ ದಾರಿಯಿಲ್ಲದ ಕಡಲು. ಗಾಳಿ, ಮಂಜು, ಬಂಡೆ. ಅವರು ಮನೆ ಹಿಡಿದು ನಿಂತುದರಿಂದಲೇ ಆ ಬಿಡಾರವು ಊರಾಯಿತು. ಒಪ್ಪಂದ ಬರೆದ ಗಂಡಸರ ಹೆಸರುಗಳು ಎಲ್ಲ ಪುಸ್ತಕಗಳಲ್ಲಿಯೂ ಇವೆ. ಈ ಐವರ ಹೆಸರನ್ನು ಕೇಳಿದರೆ ಹೇಳುವವರು ಕಡಿಮೆ.

ಅನಂತರ 1836ರಲ್ಲಿ ಹಡಗೊಡೆದು ಬಂದ ಹಾಲೆಂಡಿನ ಪೀಟರ್ ಗ್ರೀನ್, ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳಿಂದ ಬಂದ ರಾಜರ್ಸ್ ಮತ್ತು ಹೇಗನ್, 1892ರಲ್ಲಿ ‘ಇಟಾಲಿಯಾ’ ಹಡಗು ಒಡೆದಾಗ ಉಳಿದುಕೊಂಡ ರೆಪೆಟ್ಟೊ ಮತ್ತು ಲಾವರೆಲ್ಲೊ — ಇವರೂ ಸೇರಿದರು. ಗ್ಲಾಸ್, ಸ್ವೇನ್, ಗ್ರೀನ್, ರಾಜರ್ಸ್, ಹೇಗನ್, ರೆಪೆಟ್ಟೊ, ಲಾವರೆಲ್ಲೊ: ದ್ವೀಪದ ಏಳು ಮನೆತನಗಳು ಇವೇ. ಇಷ್ಟು ಕೆಲವೇ ಮಂದಿಯ ಸಂತತಿಯಾದುದರಿಂದ ಉಬ್ಬಸರೋಗವು ಅಲ್ಲಿ ಹೆಚ್ಚಾಗಿ ಕಾಣುವುದೆಂದು ವೈದ್ಯರು ಪರೀಕ್ಷಿಸಿ ಕಂಡುಕೊಂಡಿದ್ದಾರೆ.

ಇವರ ಜೀವನಕ್ರಮವನ್ನು ಕುರಿತು ಎರಡು ಮಾತು. ಅಲ್ಲಿಯ ಮುಖ್ಯ ಬೆಳೆ ಆಲೂಗಡ್ಡೆ. ಊರಿನಿಂದ ಎರಡು ಮೈಲಿ ದೂರದಲ್ಲಿ ಕಲ್ಲಿನ ಗೋಡೆಗಳಿಂದ ಸುತ್ತುವರಿದ ಸಣ್ಣ ಸಣ್ಣ ಪಾತಿಗಳಲ್ಲಿ ಅದನ್ನು ಬೆಳೆಯುತ್ತಾರೆ. ಗೋಡೆಯಿಲ್ಲದಿದ್ದರೆ ಗಾಳಿಯು ಗಿಡವನ್ನು ಉಳಿಸದು. ಮೀನು, ಕುರಿಯ ಮಾಂಸ, ಹಾಲು. ನೈಟಿಂಗೇಲ್ ದ್ವೀಪಕ್ಕೆ ದೋಣಿಗಳಲ್ಲಿ ಹೋಗಿ ತರುತ್ತಿದ್ದ ಪೆಂಗ್ವಿನ್ ಹಕ್ಕಿಗಳ ಮೊಟ್ಟೆ, ಕಡಲಹಕ್ಕಿಗಳ ಕೊಬ್ಬು. ಮನೆಗಳು ಅಗ್ನಿಪರ್ವತದ ಮೆದುಕಲ್ಲಿನವು. ಉದ್ದೆಲೆಯ ನಾರುಗಿಡವನ್ನು ಹೊದಿಸಿದ ಮಾಡು. ದೊಡ್ಡ ಮರವಿಲ್ಲದ ನಾಡಾದುದರಿಂದ ಕಟ್ಟಿಗೆಯ ಹಂದರಕ್ಕೆ ಕಿತ್ತಾನು ಬಟ್ಟೆಯನ್ನು ಬಿಗಿದು ಬಣ್ಣ ಬಳಿದು ದೋಣಿ ಮಾಡುತ್ತಿದ್ದರು. ಇಂತಹ ಬಟ್ಟೆಯ ದೋಣಿಯಲ್ಲಿ ಆ ಕಡಲಿಗೆ ಇಳಿಯುತ್ತಿದ್ದರೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಹೆಂಗಸರು ಉಣ್ಣೆಯನ್ನು ಹಿಂಜಿ, ನೂತು, ಕಾಲುಚೀಲಗಳನ್ನು ಹೆಣೆಯುತ್ತಿದ್ದರು. ಹಣವೆಂಬುದು ಇರಲಿಲ್ಲ. ಹಡಗು ಕಂಡರೆ ಗಂಡಸರು ದೋಣಿ ಹತ್ತಿ ಹೋಗಿ, ಆಲೂಗಡ್ಡೆ ಮಾಂಸಗಳನ್ನು ಕೊಟ್ಟು ಹಿಟ್ಟು, ಸಕ್ಕರೆ, ಚಹಾ, ಬಟ್ಟೆಗಳನ್ನು ತರುತ್ತಿದ್ದರು.

ಗ್ಲಾಸನು ಹದಿನಾರು ಮಕ್ಕಳ ತಂದೆಯಾಗಿ, ಊರಿಗೆ ಹಿರಿಯನಾಗಿ, 1853ರಲ್ಲಿ ತೀರಿಕೊಂಡನು. ಅವನೊಡನೆ ಊರೂ ಮುಗಿಯಿತೆಂದೇ ಎಲ್ಲರೂ ಎಣಿಸಿದರು. ಅವನ ಹೆಣ್ಣುಮಕ್ಕಳಲ್ಲಿ ಕೆಲವರು ಅಮೆರಿಕದ ತಿಮಿಂಗಿಲ ಬೇಟೆಗಾರರನ್ನು ಮದುವೆಯಾಗಿದ್ದರು. 1856ರಲ್ಲಿ ಅವನ ಸಂಸಾರದ ಬಹುಮಂದಿ ಅತ್ತ ಹೊರಟುಹೋದರು. ಅಲ್ಲಿಗೆ ಬಂದ ಮೊದಲ ಪಾದ್ರಿಯಾದ ಟೇಲರ್ ಎಂಬವನು ಈ ನೆಲದಲ್ಲಿ ಜನರ ಏಳಿಗೆಯಿಲ್ಲವೆಂದು ನಿಶ್ಚಯಿಸಿ, 1857ರಲ್ಲಿ 45 ಮಂದಿಯನ್ನು ಕೇಪಿಗೆ ಕರೆದೊಯ್ದನು. ಹಿಂದುಳಿದವರು 28 ಮಂದಿ, ನಾಲ್ಕು ಸಂಸಾರಗಳು. ಪಾದ್ರಿಯ ಲೆಕ್ಕವು ತಪ್ಪೆಂದು ಹೇಳಲಾಗದು; ಆದರೆ ಆ ನಾಲ್ಕು ಸಂಸಾರಗಳು ಹೋಗಲೊಲ್ಲವು. ಪೀಟರ್ ಗ್ರೀನ್ ಊರಿನ ಹಿರಿತನವನ್ನು ವಹಿಸಿದನು. ಹತ್ತು ವರ್ಷದ ಮೇಲೆ, 1867ರಲ್ಲಿ, ವಿಕ್ಟೋರಿಯಾ ರಾಣಿಯ ಮಗನಾದ ಎಡಿನ್‌ಬರೋ ಡ್ಯೂಕನು ಬಂದುಹೋದುದರಿಂದ ಊರಿಗೆ ‘ಸಪ್ತಸಾಗರಗಳ ಎಡಿನ್‌ಬರೋ’ ಎಂಬರ್ಥದ ದೊಡ್ಡ ಹೆಸರು ಬಂದಿತು. ಊರಿನವರು ಮಾತ್ರ ‘ಊರು’ ಎಂದಷ್ಟೇ ಕರೆಯುತ್ತಾರೆ.

ಇನ್ನು ಕಷ್ಟದ ದಿನಗಳು. 1869ರಲ್ಲಿ ಸುಯೆಜ್ ಕಾಲುವೆ ತೆರೆದುದರಿಂದ ಇಂಡಿಯಾದೇಶದ ಹಡಗುಗಳು ಆ ದಾರಿ ಹಿಡಿದುವು. ಉಗಿಹಡಗುಗಳಿಗೆ ಗಾಳಿಯ ದಾರಿಯ ಹಂಗು ತಪ್ಪಿತು. ತಿಮಿಂಗಿಲದ ಬೇಟೆಯೂ ಕುಗ್ಗಿತು. ಹಡಗೇ ಬಾರದಿದ್ದರೆ ಯಾರೊಡನೆ ಬದಲಾವಣೆ? 1882ರಲ್ಲಿ ದಡಕ್ಕೆ ಬಿದ್ದ ಹಡಗೊಂದರಿಂದ ಇಲಿಗಳು ಇಳಿದು ಬೆಳೆಯನ್ನು ತಿನ್ನತೊಡಗಿದುವು. (ಈಗಲೂ ವರ್ಷಕ್ಕೊಮ್ಮೆ ಊರಿಗೆ ಊರೇ ಸೇರಿ ಇಲಿ ಹಿಡಿಯುವ ದಿನವೊಂದುಂಟು.) 1885ರ ನವೆಂಬರ್ 28ರಂದು ‘ವೆಸ್ಟ್ ರೈಡಿಂಗ್’ ಎಂಬ ಹಡಗು ದೂರದಲ್ಲಿ ಕಾಣಿಸಿಕೊಂಡಿತು. ಬಹುದಿನಗಳ ಮೇಲೆ ಬಂದ ಹಡಗು; ಮನೆಗಳಲ್ಲಿ ಹಿಟ್ಟಿಲ್ಲ. ಕಡಲು ಒರಟಾಗಿದ್ದರೂ ಹದಿನೈದು ಮಂದಿ ಗಂಡಸರು ದೋಣಿ ಹತ್ತಿ ಹೊರಟರು. ದಡದಲ್ಲಿ ನಿಂತವರು ದೋಣಿಯು ಹಡಗಿನತ್ತ ಸಾಗುವುದನ್ನು ನೋಡಿದರು. ಹಡಗು ತನ್ನ ದಾರಿ ಹಿಡಿದು ಹೋಯಿತು. ದೋಣಿಯು ಹಿಂದಿರುಗಲಿಲ್ಲ, ಹದಿನೈದು ಮಂದಿಯಲ್ಲಿ ಒಬ್ಬನೂ ಬರಲಿಲ್ಲ. ಅಷ್ಟು ಚಿಕ್ಕ ಊರಿನಲ್ಲಿ ಒಂದೇ ಹೊತ್ತಿಗೆ ಮನೆಮನೆಯ ದೀಪವೂ ಆರಿದಂತಾಯಿತು. ಅದು ವಿಧವೆಯರ ದ್ವೀಪವಾಯಿತು.

ಹಿಂದೆ ಅಲ್ಲಿ ಪಾದ್ರಿಯಾಗಿದ್ದ ಎಡ್ವಿನ್ ಡಾಜ್‌ಸನ್ ಈ ಸುದ್ದಿಯನ್ನು ಕೇಳಿ 1886ರಲ್ಲಿ ಮತ್ತೆ ಅಲ್ಲಿಗೆ ಬಂದನು. ‘ಆಲಿಸ್’ ಎಂಬ ಹುಡುಗಿಯ ಕಥೆಯನ್ನು ಬರೆದ ಲೂಯಿ ಕ್ಯಾರಲನ ತಮ್ಮನೀತ. ಇವನೂ ಜನರನ್ನು ಬೇರೆಡೆಗೆ ಸಾಗಿಸುವುದೇ ಲೇಸೆಂದು ನಂಬಿದ್ದನು. ಕೆಲವರು ಹೋದರು; ಕೆಲವರು ಹೋಗಲಿಲ್ಲ. 1904ರಲ್ಲಿ ಸರಕಾರದ ಹಡಗೊಂದು ಬಂದು ಕೇಪಿಗೆ ಸಾಗಿಸುವೆವೆಂದು ಮತ್ತೆ ಕೇಳಿದಾಗಲೂ ಹೆಚ್ಚಿನವರು ಒಲ್ಲೆವೆಂದರು. ಹಾಗೆಂದವರಲ್ಲಿ ಆ ಹದಿನೈದು ಮಂದಿಯ ಮನೆಯವರೂ ಇದ್ದರೆಂಬುದನ್ನು ಮರೆಯಬಾರದು. ಮೊದಲನೆಯ ಮಹಾಯುದ್ಧವು ಮುಗಿದ ಸುದ್ದಿಯನ್ನು ಇವರಿಗೆ ಮುಟ್ಟಿಸಿದುದು 1919ರಲ್ಲಿ ಬಂದ ಒಂದು ಯುದ್ಧನೌಕೆ.

ಎರಡನೆಯ ಯುದ್ಧದಲ್ಲಿ, 1942ರಲ್ಲಿ, ಹವೆಯನ್ನು ನೋಡಿ ತಂತಿಯಿಲ್ಲದ ತಂತಿಯ ಮೂಲಕ ತಿಳಿಸಲು ನೌಕಾಪಡೆಯವರು ಒಂದು ಠಾಣ್ಯವನ್ನಿಟ್ಟರು. ಅದರೊಡನೆ ವೈದ್ಯ, ಶಾಲೆ, ಕೂಲಿ ಎಲ್ಲವೂ ಬಂದುವು, ಹಣವೂ ಬಂದಿತು. ಆದರೂ 1946ರಲ್ಲಿ ದ್ವೀಪಕ್ಕೊಂದು ಅಂಚೆಚೀಟಿ ಬೇಕೆಂದು ಮಾದರಿ ಮಾಡಿದಾಗ, ಅದರಲ್ಲಿ ಬೆಲೆಯನ್ನು ಒಂದು ಪೆನ್ನಿ, ಅಥವಾ ನಾಲ್ಕು ಆಲೂಗಡ್ಡೆ ಎಂದು ಬರೆದಿದ್ದರು! 1949ರಲ್ಲಿ ಅಲ್ಲಿಯ ಕಡಲ ದೊಡ್ಡ ಸೀಗಡಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆಯು ಆರಂಭವಾಗಿ, ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿತು.

ಹೀಗಿರಲು 1961ರ ಆಗಸ್ಟ್ ತಿಂಗಳಿಂದ ನೆಲವು ನಡುಗಲಾರಂಭಿಸಿತು. ಸತ್ತ ಪರ್ವತವೆಂದು ಎಲ್ಲರೂ ನಂಬಿದ್ದರು. ಅಕ್ಟೋಬರ್ ಮೊದಲ ವಾರ ಕಳೆಯುವ ವೇಳೆಗೆ ಬಂಡೆಗಳು ಉರುಳಿದುವು, ನೆಲದಲ್ಲಿ ಬಿರುಕುಗಳು ತೆರೆದುವು, ಬಾಗಿಲುಗಳು ಹಾಕಲು ಬಾರದೆ ಸಿಕ್ಕಿಕೊಂಡುವು. 9ರಂದು ಊರಿನ ಮಗ್ಗುಲಲ್ಲಿಯೇ, ಕೊನೆಯ ಮನೆಗಳಿಂದ ಕೂಗಳತೆಯಲ್ಲಿ, ನೆಲವು ಹುತ್ತದಂತೆ ಉಬ್ಬಿ ಬೆಳೆಯತೊಡಗಿತು. ಆ ರಾತ್ರಿಯನ್ನು ಜನರು ಆಲೂಗಡ್ಡೆಯ ಹೊಲಗಳಲ್ಲಿ ಕಳೆದರು. ಬೆಳಗಾದ ಮೇಲೆ ಮೀನುಹಿಡಿಯುವ ಹಡಗುಗಳನ್ನೇರಿ ನೈಟಿಂಗೇಲ್ ದ್ವೀಪಕ್ಕೆ ಹೋದರು. ಅಲ್ಲಿಂದ ಒಂದು ಡಚ್ ಹಡಗು ಇವರನ್ನು ಕೇಪ್‌ಟೌನಿಗೆ ಒಯ್ದಿತು. ಉಟ್ಟ ಬಟ್ಟೆ, ಕೈಗೆ ಸಿಕ್ಕ ಗಂಟು. ಅಷ್ಟೇ ಅವರ ಸೊತ್ತು. ನವೆಂಬರ್ 3ರಂದು ಸುಮಾರು 260 ಮಂದಿ ಇಂಗ್ಲೆಂಡಿನ ಸೌತಾಂಪ್ಟನ್ ರೇವಿನಲ್ಲಿ ಇಳಿದರು.

ಇಂಗ್ಲೆಂಡಿನವರು ಅವರನ್ನು ಆದರಿಸಲಿಲ್ಲವೆಂದರೆ ತಪ್ಪಾಗುತ್ತದೆ. ಬಟ್ಟೆ ಕೊಟ್ಟರು, ಕೆಲಸ ಕೊಟ್ಟರು. ಮೊದಲು ಒಂದು ಬಿಡಾರದಲ್ಲಿರಿಸಿ, 1962ರ ಜನವರಿಯಲ್ಲಿ ಕ್ಯಾಲ್‌ಷಾಟ್ ಎಂಬಲ್ಲಿ ವಿಮಾನದಳದವರ ಮನೆಗಳನ್ನು ಬಿಟ್ಟುಕೊಟ್ಟರು. ವಿದ್ಯುದ್ದೀಪ, ನಲ್ಲಿಯ ನೀರು, ಸಂಬಳ, ಚಲಚ್ಚಿತ್ರ. ಒಟ್ಟಿನಲ್ಲಿ ಹೊರಗಿನವರು ನೂರು ವರ್ಷಗಳಿಂದ ಇವರಿಗಾಗಿ ಹಂಬಲಿಸಿದ ಸುಖವೆಲ್ಲವೂ ಸಿಕ್ಕಿತು. ಆದರೆ ಆ ಚಳಿಗಾಲದಲ್ಲಿ ನೆಗಡಿಯೂ ಎದೆಯ ರೋಗವೂ ಹರಡಿದುವು. ಹೊರಗಿನ ರೋಗಗಳ ರೂಢಿಯಿಲ್ಲದ ಮೈ. ಕೆಲವರು ಮುದುಕರು ತೀರಿಕೊಂಡರು. ಪತ್ರಿಕೆಯವರ ಮುತ್ತಿಗೆ, ವೈದ್ಯರ ಪರೀಕ್ಷೆ, ಬೀದಿಯ ಗದ್ದಲ. ಬೀಗವಿಲ್ಲದ ಊರಿನವರು ಬೀಗ ಹಾಕಲು ಕಲಿಯಬೇಕಾಯಿತು.

ಈ ಮಧ್ಯೆ 1962ರ ಆದಿಯಲ್ಲಿ ರಾಯಲ್ ಸೊಸೈಟಿಯ ವಿಜ್ಞಾನಿಗಳು ದ್ವೀಪಕ್ಕೆ ಹೋಗಿ ನೋಡಿಬಂದರು. ಲಾವಾರಸವು ಕಡಲಿನತ್ತ ಹರಿದು ಕಾರ್ಖಾನೆಯನ್ನೂ ದೋಣಿ ಇಳಿಸುವ ದಡಗಳನ್ನೂ ಮುಚ್ಚಿಬಿಟ್ಟಿತ್ತು. ಹಿಂದೆ ಬಿಟ್ಟುಬಂದ ನಾಯಿಗಳು ಕಾಡುಬಿದ್ದು ಕುರಿಗಳನ್ನು ಕೊಂದಿದ್ದುವು. ಆದರೆ ಮನೆಗಳು ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದುವು. ಈ ವಾರ್ತೆ ಸಾಕಾಯಿತು. ಅಧಿಕಾರಿಗಳಿಗೆ ಇವರನ್ನು ಮತ್ತೆ ಕಳುಹುವ ಮನಸ್ಸಿರಲಿಲ್ಲ; ಇವರು ಬಿಡಲಿಲ್ಲ. ಹನ್ನೆರಡು ಮಂದಿ ಗಂಡಸರ ಮುಂಗಡ ತಂಡವು ಹೊರಟು, ಹೊಲ ಮನೆಗಳನ್ನು ಹಸನುಮಾಡತೊಡಗಿತು. ಡಿಸೆಂಬರಿನಲ್ಲಿ ಕ್ಯಾಲ್‌ಷಾಟಿನಲ್ಲಿ ಗುಪ್ತಮತವನ್ನು ತೆಗೆದುಕೊಂಡರು. ಹಿಂದಿರುಗಬೇಕೆಂದವರು 148, ಇಲ್ಲಿಯೇ ಇರುವೆವೆಂದವರು 5. ಸುಖವನ್ನು ಕಂಡರಿಯದೆ ಇವರು ಕಷ್ಟದ ನೆಲಕ್ಕೆ ಅಂಟಿಕೊಂಡಿದ್ದಾರೆ ಎನ್ನುತ್ತಿದ್ದವರಿಗೆ ಈ ಎರಡು ಅಂಕೆಗಳೇ ಉತ್ತರವಾದುವು. ಈ ಸಲ ಎರಡನ್ನೂ ಕಂಡು ಆರಿಸಿದ್ದರು.

1963ರಲ್ಲಿ ಎರಡು ಸಲವಾಗಿ ಜನರು ಊರು ಸೇರಿದರು. ದೊಡ್ಡ ಗುಂಪು ಇಳಿದುದು ನವೆಂಬರ್ 10ರಂದು. ಎಲ್ಲವೂ ಸುಗಮವಾಯಿತೆಂದಲ್ಲ. ಇಂಗ್ಲೆಂಡಿನ ರುಚಿ ಹತ್ತಿದ್ದ ಕೆಲವರು 1966ರಲ್ಲಿ ಮತ್ತೆ ಅತ್ತ ಹೊರಟರು. ಹಾಗೆ ಹೋದವರಲ್ಲಿಯೂ ಕೆಲವರು ಮತ್ತೊಮ್ಮೆ ಹಿಂದೆ ಬಂದರು! ಲಾವಾರಸವು ದಡವನ್ನು ನುಂಗಿದ್ದುದರಿಂದ ಹೊಸ ರೇವು ಕಟ್ಟಬೇಕಾಯಿತು. 1967ರಲ್ಲಿ ಅದು ಮುಗಿದಾಗ ಊರಿನವರು ಅದಕ್ಕೆ ಕ್ಯಾಲ್‌ಷಾಟ್ ರೇವು ಎಂದು ಹೆಸರಿಟ್ಟರು.

ಇಂದು ಆ ಊರಿನಲ್ಲಿ ಶಾಲೆ, ಆಸ್ಪತ್ರೆ, ಅಂಗಡಿ, ಕಾರ್ಖಾನೆಗಳಿವೆ. ನಾರಿನ ಮಾಡುಗಳು ಹೋಗಿ ತಗಡಿನವು ಬಂದಿವೆ. ಜನಸಂಖ್ಯೆಯು ಇಳಿಯುತ್ತಿದೆ; ಓದಲು ಹೊರಗೆ ಹೋದ ಹುಡುಗರೆಲ್ಲ ಹಿಂದಿರುಗುವರೆಂಬ ನಿಶ್ಚಯವಿಲ್ಲ. 2020ರಲ್ಲಿ ಸುತ್ತಣ ಕಡಲಿನಲ್ಲಿ ಸುಮಾರು 6,87,000 ಚದರ ಕಿಲೋಮೀಟರುಗಳನ್ನು ರಕ್ಷಿತಪ್ರದೇಶವೆಂದು ಸಾರಿದರು. ಗ್ಲಾಸನೂ ಕಲ್ಲುಕುಟಿಗರೂ ರುಜು ಹಾಕಿದ ಒಪ್ಪಂದದ ಪತ್ರವು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. 1961ರಲ್ಲಿ ಎದ್ದ ಕರಿಯ ಗುಡ್ಡವು ಊರಿನ ಮಗ್ಗುಲಲ್ಲಿ ಹಾಗೆಯೇ ನಿಂತಿದೆ. ಜನರು ಎಂದಿನಂತೆ ಆಲೂಗಡ್ಡೆಯ ಹೊಲಗಳಿಗೆ ಹೋಗಿಬರುತ್ತಾರೆ.